ನೇಕಾರರ ಹೆಸರು ಹೇಳಿ ಮಾರಿದವರು ಈಗ ಫೋನ್ ಎತ್ತುತ್ತಿಲ್ಲ: ಅನುಭವ ಇದ್ದವರು ದಾರಿ ಹೇಳಿ

ಕೇಳಿದವರು, ಮುಲುಂಡ್‌ನಿಂದ

ಅಮ್ಮನಿಗೆ ಎಪ್ಪತ್ತು ತುಂಬಿತೆಂದು ಆನ್‌ಲೈನ್‌ನಲ್ಲಿ ಒಂದು ಇಳಕಲ್ ಸೀರೆ ತರಿಸಿದೆ. 6,800 ರೂಪಾಯಿ. ಕಂಪನಿಯ ಪುಟದ ತುಂಬ ‘ನೇಕಾರರಿಂದ ನೇರ’, ‘ನ್ಯಾಯದ ಕೂಲಿ’, ‘ನೈಸರ್ಗಿಕ ಬಣ್ಣ’ ಎಂದೇ ಇತ್ತು. ದುಬಾರಿ ಅನಿಸಿದರೂ, ಹಣ ಮಗ್ಗದ ಮುಂದೆ ಕೂತವರಿಗೆ ಹೋಗುತ್ತದಲ್ಲ ಅಂತ ಕೊಂಡೆ. ಅವರೇ ಚೀಟಿಯಲ್ಲಿ ಬರೆದಿದ್ದಂತೆ ತಣ್ಣೀರಿಗೆ ಉಪ್ಪು ಹಾಕಿ ಅದ್ದಿದರೆ ಸೆರಗಿನ ಕೆಂಪು ಒಡಲಿಗೆಲ್ಲ ಹತ್ತಿತು.

ಹನ್ನೊಂದು ದಿನ ಆಯಿತು. ಫೋನ್ ಮಾಡಿದರೆ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎನ್ನುವ ದನಿ, ಸಂಗೀತ, ಆಮೇಲೆ ಕಟ್. ಚಾಟ್‌ನಲ್ಲಿ ಯಂತ್ರ ಮಾತಾಡುತ್ತದೆ. ಒಂದೇ ಒಂದು ಇಮೇಲ್ ಬಂತು: ಕೈಯಲ್ಲಿ ನೇಯ್ದದ್ದರಲ್ಲಿ ವ್ಯತ್ಯಾಸ ಸಹಜ, ಮಾರಿದ ಮಾಲು ವಾಪಸಿಲ್ಲ. ದೂರು ಕೊಟ್ಟರೆ ಆ ನೇಕಾರರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೋ ಎನ್ನುವ ಅಳುಕೂ ಇದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಡೊಂಬಿವಲಿಯಿಂದ

ಮೊದಲು ಆ ಅಳುಕಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನ್ನನ್ನೂ ಮೂರು ವಾರ ಸುಮ್ಮನೆ ಕೂರಿಸಿದ್ದು ಅದೇ. ನೀವು ದುಡ್ಡು ಕೊಟ್ಟದ್ದು ನೇಕಾರರಿಗಲ್ಲ, ಕಂಪನಿಗೆ. ಬಿಲ್ ಅವರದು, ಲಾಭ ಅವರದು, ಹೊಣೆಯೂ ಅವರದೇ. ನೇಕಾರರ ಹೆಸರು ಹೇಳಿ ಬೆಲೆ ಏರಿಸಿದವರು ತಪ್ಪಾದಾಗಲೂ ಅದೇ ನೇಕಾರರ ಬೆನ್ನ ಹಿಂದೆ ಅಡಗುವುದು ನನಗೆ ಸಹಿಸಲಾಗದ ವಿಷಯ. ‘ಕೈಯಲ್ಲಿ ನೇಯ್ದದ್ದು, ಹೀಗೇ ಇರುತ್ತದೆ’ ಎಂದರೆ ಕೈಕೆಲಸದವರು ಕಳಪೆ ಕೆಲಸದವರು ಎಂದಹಾಗಾಯಿತಲ್ಲ? ನಿಮ್ಮ ದೂರಿಗಿಂತ ಆ ಇಮೇಲೇ ಅವರಿಗೆ ದೊಡ್ಡ ಅವಮಾನ.

ನನ್ನದು ಚಪ್ಪಲಿಯ ಕತೆ. ನೀವು ಒಂದು ಜೊತೆ ಕೊಂಡರೆ ಬಡ ಮಗುವಿಗೆ ಒಂದು ಜೊತೆ ಕೊಡುತ್ತೇವೆ ಎಂದು ಹೇಳಿಕೊಳ್ಳುವ ಕಂಪನಿ. 2,499 ರೂಪಾಯಿ. ಜುಲೈ ಮಳೆಯಲ್ಲಿ, ಕೊಂಡ ಹನ್ನೆರಡನೇ ದಿನ, ಡೊಂಬಿವಲಿ ಸ್ಟೇಷನ್ ಸೇತುವೆಯ ಮೇಲೆ 8.12ರ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಅಟ್ಟೆ ಪೂರ್ತಿ ಕಳಚಿತು. ಆ ಜನಸಂದಣಿಯಲ್ಲಿ ಒಂದು ಕಾಲು ಬರಿಗಾಲಾಗಿ ನಿಂತದ್ದು ಇನ್ನೂ ನೆನಪಿದೆ. ಕಸ್ಟಮರ್ ಕೇರ್‌ನವರು ಆರು ಸಲ ಬೇರೆ ಬೇರೆ ಹೆಸರಿನಲ್ಲಿ ಒಂದೇ ಉತ್ತರ ಕಳಿಸಿದರು. ಕೊನೆಗೆ 300 ರೂಪಾಯಿಯ ಕೂಪನ್ ಕೊಡುತ್ತೇವೆ ಎಂದರು. ಕೂಪನ್ ಬೇಡ ಎಂದೆ. ಒಪ್ಪಿಕೊಂಡರೆ ‘ಗ್ರಾಹಕರು ತೃಪ್ತರು’ ಎಂದು ಕಡತ ಮುಚ್ಚುತ್ತಾರೆ, ನೀವೂ ಒಪ್ಪಬೇಡಿ.

ಆಮೇಲೆ ಬ್ಯಾಂಕಿನಲ್ಲಿ ಜೊತೆಗಿರುವ ಒಬ್ಬರು ದಾರಿ ತೋರಿಸಿದರು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವ ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರಲೇಬೇಕು. ಅವರ ಹೆಸರು, ಸಂಪರ್ಕ ವಿವರ ವೆಬ್‌ಸೈಟಿನಲ್ಲಿ ಹಾಕಿರಲೇಬೇಕು. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ, ಚಿಕ್ಕ ಅಕ್ಷರದಲ್ಲಿ ಇರುತ್ತದೆ, ಹುಡುಕಿ. ದೂರು ಸಿಕ್ಕಿತೆಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಕೇರ್ ನಂಬರಿಗೆ ಅಲ್ಲ, ಆ ಅಧಿಕಾರಿಗೇ ಬರೆಯಿರಿ. ದೋಷ ಇರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ ಎಂದು ಅದೇ ನಿಯಮಗಳಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಇದನ್ನೇ ಹೇಳುತ್ತದೆ: ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅಷ್ಟರೊಳಗೆ, ಬರೆದಿಲ್ಲದಿದ್ದರೆ 30 ದಿನದೊಳಗೆ ದೋಷದ ಮಾಲು ಹಿಂತೆಗೆದುಕೊಳ್ಳದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಹಾಗಾಗಿ ‘ಮಾರಿದ ಮಾಲು ವಾಪಸಿಲ್ಲ’ ಎಂದು ಬರೆದುಕಳಿಸಿದ್ದಾರಲ್ಲ, ಆ ಇಮೇಲನ್ನು ಜೋಪಾನ ಮಾಡಿ. ನಿಮ್ಮ ಪರವಾಗಿ ಮಾತಾಡುವ ಸಾಕ್ಷಿ ಅದೇ. ಈಗ ಹನ್ನೊಂದು ದಿನ ಕಳೆದಿದೆ, ಮೂವತ್ತು ದಾಟುವ ಮುಂಚೆ ಬರೆಯಿರಿ.

ನನಗೆ 48 ಗಂಟೆಯಲ್ಲಿ ಯಾವ ಉತ್ತರವೂ ಬರಲಿಲ್ಲ. 1915ಕ್ಕೆ ಫೋನ್ ಮಾಡಿದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಊರು ಮುಂಬಯಿ ಎಂದಾಗ ಮರಾಠಿಯೋ ಹಿಂದಿಯೋ ಬೇಕಾಗುತ್ತದೆ ಅಂದುಕೊಂಡಿದ್ದೆ, ಹಾಗೇನಿಲ್ಲ. ಅವರು ಕೋರ್ಟ್ ಅಲ್ಲ, ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಅಷ್ಟರಿಂದಲೇ ನನ್ನ ಕಂಪನಿ ಎಚ್ಚೆತ್ತಿತು. ಇಪ್ಪತ್ಮೂರನೇ ದಿನ ಪೂರ್ತಿ ಹಣ ಖಾತೆಗೆ ಬಂತು. ಕ್ಷಮೆಯ ಒಂದು ಸಾಲು ಇವತ್ತಿಗೂ ಬಂದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಹೇಳಲೇಬೇಕು. ಶಿರಸಿ ಕಡೆಯ ಒಂದು ಸಣ್ಣ ಮಹಿಳಾ ಸಂಘದಿಂದ ಪ್ರತಿ ಬೇಸಿಗೆ ಹಲಸಿನ ಹಪ್ಪಳ ತರಿಸುತ್ತೇವೆ. ಒಂದು ವರ್ಷ ಕಟ್ಟಿನೊಳಗೆ ಬೂಸಲು ಹಿಡಿದಿತ್ತು. ವಾಟ್ಸಾಪ್‌ನಲ್ಲಿ ಫೋಟೋ ಹಾಕಿದೆ ಅಷ್ಟೆ, ದೂರು ಕೂಡ ಅಲ್ಲ. ಅರ್ಧ ಗಂಟೆಯಲ್ಲಿ ಸಂಘದ ಅಕ್ಕನೇ ಫೋನ್ ಮಾಡಿದರು: ‘ಆ ಸಲ ಬಿಸಿಲು ಕಡಿಮೆಯಾಯ್ತು, ನಾವು ಇನ್ನೆರಡು ದಿನ ಒಣಗಿಸಬೇಕಿತ್ತು, ತಪ್ಪು ನಮ್ಮದೇ.’ ಹೊಸ ಕಟ್ಟು ಬಂತು, ಜೊತೆಗೆ ಅದೇ ಬ್ಯಾಚಿನಲ್ಲಿ ಬೇರೆ ಯಾರಿಗೆಲ್ಲ ಕಳಿಸಿದ್ದರೋ ಅವರಿಗೂ ಫೋನ್ ಮಾಡಿದ್ದಾರೆಂದು ಗೊತ್ತಾಯಿತು. ಅವರಿಗೆ ವೆಬ್‌ಸೈಟೂ ಇಲ್ಲ, ‘ನೈತಿಕ’ ಎನ್ನುವ ಪದವೂ ಇಲ್ಲ. ಆವತ್ತಿನಿಂದ ಏನೇ ಕೊಳ್ಳುವ ಮುಂಚೆ ನಾನು ಕಂಪನಿಯ ‘ನಮ್ಮ ಕತೆ’ ಪುಟ ಓದುವುದು ಬಿಟ್ಟು, ವಾಪಸಾತಿಯ ಪುಟ ಓದುತ್ತೇನೆ.

ಪುಣೆ, ಕೋಥ್ರೂಡ್‌ನಿಂದ

ಅಕ್ಕಾರ, ನಮ್ಮೂರು ಇಳಕಲ್ಲಿಗೆ ಭಾಳ ದೂರ ಇಲ್ಲ, ಸೋದರಮಾವನ ಮನ್ಯಾಗ ಮಗ್ಗ ಇತ್ತು, ಅದಕ್ಕ ಒಂದು ಮಾತು. ಬಣ್ಣ ಬಿಟ್ಟದ್ದಕ್ಕ ‘ರಾಸಾಯನಿಕ ಬಣ್ಣ’ ಅಂತ ಬರಿಬ್ಯಾಡ್ರಿ. ನೈಸರ್ಗಿಕ ಬಣ್ಣಾನೂ ಸರಿಯಾಗಿ ಕೂಡಲಿಲ್ಲಂದ್ರ ಬಿಡತೈತಿ. ‘ನೈಸರ್ಗಿಕ ಬಣ್ಣ ಅಂತ ಹೇಳೀರಿ, ಯಾವ ಬಣ್ಣ, ಪುರಾವೆ ಕೊಡ್ರಿ’ ಅಂತ ಕೇಳ್ರಿ. ಕೇಳೂ ಹಕ್ಕು ಐತಿ ನಿಮಗ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು 2024ರ ಅಕ್ಟೋಬರ್‌ದಾಗ ಮಾರ್ಗಸೂಚಿ ತಂದಾರ: ‘ಪರಿಸರ ಸ್ನೇಹಿ’, ‘ನೈಸರ್ಗಿಕ’, ‘ಸಾವಯವ’ ಅಂತ ಸುಮ್ಮನ ಬರಕೊಳ್ಳಾಕ ಬರೂದಿಲ್ಲ, ಆಧಾರ ಇರಬೇಕು, ಅದು ಗಿರಾಕಿಗೆ ಸಿಗೂ ಹಂಗ ಇರಬೇಕು.

ಇನ್ನ ಕೈಮಗ್ಗದ್ದೋ ಅಲ್ಲೋ ಅನ್ನೂದು. ಸೆರಗು ಮತ್ತ ಒಡಲು ಕೂಡೂ ಕಡೆ ಸೀರಿ ತಿರುವಿ ನೋಡ್ರಿ. ಇಳಕಲ್ಲಿನ ತೋಪ ತೆನಿ ಅನ್ನೂ ಸೆರಗಿನ ಹಾಸು (ಉದ್ದಕ್ಕ ಬಿಡೂ ಎಳಿ) ಬ್ಯಾರೆ, ಒಡಲಿನ ಹಾಸು ಬ್ಯಾರೆ. ಎರಡನ್ನೂ ಒಂದೊಂದು ಎಳಿ ಹಿಡದು ಕೊಂಡಿ ಹಾಕಿ ಕೂಡಸ್ತಾರ. ನಮ್ಮ ಅತ್ತಿ ಲಾಟೀನ್ ಬೆಳಕಿನ್ಯಾಗ ಕುಂತು ಕೊಂಡಿ ಹಾಕೂದು ನೋಡೀನಿ, ಕಣ್ಣು ಹೋಗೂ ಕೆಲಸ ಅದು. ಬೆರಳಿಗೆ ಆ ಸಾಲು ಹತ್ತಲಿಲ್ಲ ಅಂದ್ರ, ಕೈಮಗ್ಗದ ಗುರುತಿನ ಚೀಟಿನೂ ಇಲ್ಲ ಅಂದ್ರ, ನಿಮ್ಮ ದೂರು ಬಣ್ಣದ್ದು ಒಂದ ಅಲ್ಲ. ಪವರ್‌ಲೂಮ್ ಸೀರಿಗೆ ಕೈಮಗ್ಗದ ರೇಟು ಹಾಕಿದ್ರ ಹೊಟ್ಟಿ ಮ್ಯಾಲೆ ಹೊಡದವರು ನೀವಲ್ಲ, ಅವರು. ಇದನ್ನ ಬರೀರಿ, ಬಿಡಬ್ಯಾಡ್ರಿ.

ಐರೋಳಿಯಿಂದ

ನಾಲ್ಕು ವರ್ಷ ಕಾಲ್ ಸೆಂಟರಿನಲ್ಲಿ ಈ ಕೆಲಸವನ್ನೇ ಮಾಡಿದ್ದೇನೆ, ಒಳಗಿನಿಂದ ಹೇಳುತ್ತೇನೆ. ಫೋನ್ ಎತ್ತುವ ಹುಡುಗರಿಗೆ ಹಣ ವಾಪಸು ಕೊಡುವ ಅಧಿಕಾರ ಇರುವುದಿಲ್ಲ. ಒಂದು ಕರೆಗೆ ಇಷ್ಟೇ ನಿಮಿಷ ಎಂದು ಲೆಕ್ಕ, ದಿನಕ್ಕೆ ಇಷ್ಟು ಟಿಕೆಟ್ (ದಾಖಲಾದ ದೂರು) ಮುಚ್ಚಬೇಕು ಎಂದು ಗುರಿ. ನಮ್ಮಲ್ಲಿ ಹತ್ತು ಕಂಪನಿಗಳ ಕೆಲಸ ಒಂದೇ ಮಹಡಿಯಲ್ಲಿ ನಡೆಯುತ್ತಿತ್ತು, ನಾನು ‘ನಮ್ಮ ಕಂಪನಿ’ ಎಂದು ಮಾತಾಡುತ್ತಿದ್ದ ಕಂಪನಿಯ ಕಚೇರಿಯನ್ನು ಒಮ್ಮೆಯೂ ನೋಡಿಲ್ಲ. ಅವರಿಗೆ ಬೈಯಬೇಡಿ. ಬೈದರೆ ಆ ಮಗು ಊಟದ ಹೊತ್ತಿನಲ್ಲಿ ಅಳುತ್ತದೆ, ಕಂಪನಿಗೆ ಏನೂ ಆಗುವುದಿಲ್ಲ.

ಫೋನಿನಲ್ಲಿ ಕೇಳಬೇಕಾದ್ದು ದೂರಿನ ಸಂಖ್ಯೆ ಒಂದೇ. ಕೊಟ್ಟ ತಕ್ಷಣ ದಿನ, ಹೊತ್ತು ಬರೆದಿಡಿ. ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂಬ ಸಂದೇಶ ತಾನಾಗಿಯೇ ಬರುತ್ತದೆ. ನೀವು ಉತ್ತರಿಸದಿದ್ದರೆ ಒಪ್ಪಿದಂತೆ ಮುಚ್ಚಿಬಿಡುತ್ತಾರೆ. ‘ಬಗೆಹರಿದಿಲ್ಲ’ ಎಂದು ಒಂದೇ ಪದ ಬರೆದು ಕಳಿಸಿ, ಟಿಕೆಟ್ ಮತ್ತೆ ತೆರೆಯುತ್ತದೆ. ಎರಡು ಮೂರು ಸಲ ತೆರೆದ ಟಿಕೆಟ್ ಮೇಲಿನವರ ಮೇಜಿಗೆ ಹೋಗುತ್ತದೆ. ಮತ್ತೆ, ಉದ್ದುದ್ದ ಬರೆಯಬೇಡಿ. ಏನು ಕೊಂಡಿರಿ, ಏನಾಯಿತು, ಏನು ಬೇಕು, ಯಾವ ದಿನದೊಳಗೆ. ಸೀರೆಯ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ಅವರು ಕೊಟ್ಟ ತೊಳೆಯುವ ಚೀಟಿಯನ್ನೂ ಪಕ್ಕದಲ್ಲಿಟ್ಟು.

ವಿಲೆ ಪಾರ್ಲೆಯಿಂದ

ನನಗೆ ಎಪ್ಪತ್ತಾರು, ಈ ಆನ್‌ಲೈನ್ ಎಲ್ಲ ಮಕ್ಕಳು ಮಾಡುತ್ತಾರೆ. ಆದರೆ ಪ್ರಾಮಾಣಿಕ ವ್ಯಾಪಾರ ಈ ಊರಿಗೆ ಹೊಸದಲ್ಲ. 1959ರಲ್ಲಿ ಗಿರ್‌ಗಾಂವ್‌ನ ಏಳು ಜನ ಹೆಂಗಸರು 80 ರೂಪಾಯಿ ಸಾಲದಿಂದ ಹಪ್ಪಳ ಲಟ್ಟಿಸಲು ಕೂತರು, ಅದೇ ಲಿಜ್ಜತ್. ಅಲ್ಲಿ ಲಟ್ಟಿಸುವವರೇ ಒಡತಿಯರು. 1975ರಲ್ಲಿ ಮುಂಬಯಿ ಗ್ರಾಹಕ ಪಂಚಾಯತ್ ಶುರುವಾಯಿತು. ಬಿಂದುಮಾಧವ ಜೋಶಿಯವರು ಹಚ್ಚಿದ ದೀಪ. ಅಕ್ಕಪಕ್ಕದ ಮನೆಗಳು ಸೇರಿ ಒಂದು ಸಂಘ, ತಿಂಗಳಿಗೊಮ್ಮೆ ಪಟ್ಟಿ, ದಿನಸಿ ಒಟ್ಟಿಗೆ ಬಂದು ಯಾರದೋ ಒಬ್ಬರ ಹಾಲ್‌ನಲ್ಲಿ ಹಂಚಿಕೆ. ಬಾಗಿಲಲ್ಲಿ ನಿಂತು ಮಾತಾಡುತ್ತ ಬೇಳೆ ಅಳೆದದ್ದು ಜ್ಞಾಪಕಕ್ಕೆ ಬರುತ್ತದೆ. ನಿಮ್ಮ ದೂರು ಬರೆಯಲು ತಿಳಿಯದಿದ್ದರೆ ಪಂಚಾಯತ್ ಕಚೇರಿ ಇಲ್ಲೇ ಜುಹು ಪಾರ್ಲೆ ಕಡೆ ಇದೆ, ಮಾರ್ಗದರ್ಶನ ಕೇಳಬಹುದು. ಗ್ರಾಹಕರಿಗೆ ನೆರವಾಗಲೆಂದು 1966ರಲ್ಲಿ ಮುಂಬಯಿಯ ಒಂಬತ್ತು ಮಹಿಳೆಯರು ಕಟ್ಟಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯೂ ಇದೆ.

ಗೋವಾ, ವಾಸ್ಕೊದಿಂದ

ಗ್ರಾಹಕ ಆಯೋಗದವರೆಗೆ, ಅಂದರೆ ಗ್ರಾಹಕರ ನ್ಯಾಯಾಲಯದವರೆಗೆ ಹೋದವನು ನಾನು. ‘ಹಸಿರು ಇಂಧನ’ ಎಂದು ದೊಡ್ಡ ಮಾತಾಡಿದ ಕಂಪನಿಯ ಸೋಲಾರ್ ಹೀಟರ್, ಮೊದಲ ಮಳೆಗಾಲಕ್ಕೇ ಸೋರಿತು, ನಿರ್ವಹಣೆಗೆ ಕಟ್ಟಿದ ಹಣ ನೀರಿಗೆ ಹೋಯಿತು. ಮಡಗಾಂವ್‌ನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದೆ. 5 ಲಕ್ಷ ರೂಪಾಯಿವರೆಗಿನ ಮೊತ್ತಕ್ಕೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ಕಂಪನಿ ದಿಲ್ಲಿಯದೇ ಆಗಿರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, 2019ರ ಕಾಯ್ದೆಯ ದೊಡ್ಡ ಉಪಕಾರ ಇದು. ಮುಲುಂಡ್ ಅಂದರೆ ಉಪನಗರ ಜಿಲ್ಲೆ, ಬಾಂದ್ರಾ ಪೂರ್ವಕ್ಕೆ ಹೋಗಬೇಕು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೂ ಸಲ್ಲಿಸಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ.

ಸುಳ್ಳು ಭರವಸೆ ಕೊಡುವುದಿಲ್ಲ: ನನಗೆ ಹದಿನಾಲ್ಕು ತಿಂಗಳು ಹಿಡಿಯಿತು, ಅದರಲ್ಲಿ ಐದು ತಾರೀಖು ಸುಮ್ಮನೆ ಮುಂದೂಡಿಕೆ. ರಜೆ ಹಾಕಿ ಹೋದ ದಿನಗಳ ಸಂಬಳ ಲೆಕ್ಕ ಹಾಕಿದರೆ ಹೆಚ್ಚೇನೂ ಉಳಿಯಲಿಲ್ಲ. ಆದರೂ ಹೋಗಿದ್ದಕ್ಕೆ ಬೇಸರವಿಲ್ಲ. ನಿಮ್ಮದು 1915ರಲ್ಲೇ ಮುಗಿಯಬಹುದು, ಮೊದಲು ಅದನ್ನು ಮಾಡಿ.

ಮತ್ತೆ ಮುಲುಂಡ್‌ನಿಂದ, ಹದಿನಾರು ದಿನದ ನಂತರ

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಒಬ್ಬಳೇ ಇದ್ದೇನೆ ಅನಿಸುತ್ತಿದ್ದದ್ದು ಹೋಯಿತು. ಸೆರಗಿನ ಕೂಡಿಕೆಯಲ್ಲಿ ಬೆರಳಾಡಿಸಿದೆ. ಕೊಂಡಿಯ ಸಾಲು ಇದೆ. ಅಂದರೆ ಕೈಮಗ್ಗದ ಮಾತು ಸುಳ್ಳಲ್ಲ, ತಪ್ಪು ಬಣ್ಣ ಹಾಕಿದಲ್ಲಿ ಆಗಿದೆ. ದೂರಿನಲ್ಲಿ ಅಷ್ಟನ್ನೇ ಬರೆದೆ, ನೇಯ್ಗೆ ಚೆನ್ನಾಗಿದೆ ಎಂದೂ ಬರೆದೆ. ಅಧಿಕಾರಿಯ ಹೆಸರು ಪುಟದ ಅಡಿಯಲ್ಲೇ ಸಿಕ್ಕಿತು. 48 ಗಂಟೆ ಕಳೆದ ಮೇಲೆ 1915ಕ್ಕೆ ಫೋನ್ ಮಾಡಿದೆ, ಆ ಕಡೆಯ ಹುಡುಗಿ ಕನ್ನಡದಲ್ಲೇ ಸಾವಧಾನವಾಗಿ ಬರೆದುಕೊಂಡಳು. ಒಂಬತ್ತನೇ ದಿನ ಕಂಪನಿಯಿಂದ ಮೊದಲ ಸಲ ಒಬ್ಬ ಮನುಷ್ಯರು ಮಾತಾಡಿದರು. ಹಣ ವಾಪಸು ಕೊಡುತ್ತೇವೆ ಎಂದರು. ಬಣ್ಣದ ಪುರಾವೆ ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರವಿಲ್ಲ, ಅದನ್ನು ಮತ್ತೆ ಬರೆದು ಕೇಳಿದ್ದೇನೆ.

ಇವತ್ತು ಸಂಜೆ ಸೀರೆ ಒಯ್ಯಲು ಕೊರಿಯರ್‌ನವರು ಬಂದಿದ್ದರು. ಮಡಚುವ ಮುಂಚೆ ಅಮ್ಮ ಸೆರಗನ್ನು ಒಮ್ಮೆ ಸವರಿ ನೋಡಿದಳು, ‘ನೇಯ್ದವರ ದುಡ್ಡಿನಲ್ಲಿ ಕಡಿತ ಮಾಡುವುದಿಲ್ಲ ತಾನೇ?’ ಎಂದು ಕೇಳಿದಳು. ಆ ಪ್ರಶ್ನೆಯನ್ನೂ ಅಧಿಕಾರಿಗೆ ಬರೆದು ಕಳಿಸಿದೆ. ಹಣ ಇನ್ನೂ ಬಂದಿಲ್ಲ, ಬಂದ ದಿನ ಇಲ್ಲೇ ತಿಳಿಸುತ್ತೇನೆ. ಶಿರಸಿಯ ಆ ಸಂಘದವರು ಮುಂಬಯಿಗೆ ಹಪ್ಪಳ ಕಳಿಸುವುದಾದರೆ ಡೊಂಬಿವಲಿಯವರು ದಯವಿಟ್ಟು ಹೇಳಿ, ನಮಗೂ ಎರಡು ಕಟ್ಟು ಬೇಕು.