ಗ್ರಾಮಸಭೆಗೆ ಬರದವರು ಆಮೇಲೆ ತಕರಾರು ತೆಗೆಯಬಹುದಾ?

ಕೆರೆಏರಿ: ನಮ್ಮ ಗ್ರಾಮಸಭೆಯಲ್ಲಿ ಮನೆ ಫಲಾನುಭವಿಗಳ ಪಟ್ಟಿ ಓದಿ ಒಪ್ಪಿಗೆ ಪಡೆದರು. ವಾರ ಕಳೆದ ಮೇಲೆ ಪಂಚಾಯ್ತಿ ಮುಂದೆ ಗಲಾಟೆ. ಕೂಗಾಡಿದವರಲ್ಲಿ ಒಬ್ಬರೂ ಸಭೆಗೆ ಬಂದಿರಲಿಲ್ಲ. 6 ತಿಂಗಳಿಗೊಮ್ಮೆ ಸೇರುವುದಕ್ಕೂ ಪುರುಸೊತ್ತಿಲ್ಲ ಅಂದರೆ, ಸಭೆ ತೀರ್ಮಾನ ಒಪ್ಪಿಕೊಂಡು ಸುಮ್ನೆ ಇರಬೇಕು.

ಹೊಲದಬದು: ಪುರುಸೊತ್ತಾ? ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕೂಲಿಯವರು ದಿನದ ದುಡಿಮೆ ಬಿಟ್ಟು ಬರಬೇಕಾ? ನಮ್ಮಲ್ಲಿ ಸಭೆಯ ಮಾರನೇ ದಿನ ವಾಟರ್‌ಮ್ಯಾನ್ ನಡಾವಳಿ ಪುಸ್ತಕ ಹಿಡಿದು ಮನೆಮನೆಗೆ ಬಂದ. 'ಅಕ್ಕಾ, ಇಲ್ಲೊಂದು ಸಹಿ ಹಾಕಿ' ಅಂದ. ಪುಟದ ಮೇಲರ್ಧ ಖಾಲಿ, ಕೆಳಗೆ ಸಾಲಾಗಿ ಸಹಿ, ನಡುನಡುವೆ ಹೆಬ್ಬೆಟ್ಟು. ಠರಾವು ಎಲ್ಲಿ ಅಂದರೆ 'ಆಮೇಲೆ ಬರೆಯುತ್ತಾರೆ' ಅಂದ. ನಾನು ಹಾಕಲಿಲ್ಲ.

ಕಾನೂನುಕಟ್ಟೆ: ಸಹಿ ಬೇಕಾಗುವುದು ಕೋರಂಗೆ, ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿಗೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟಿದ್ದರೆ ಸಾಕು. ನಿಮ್ಮೊಬ್ಬರ ಸಹಿ ಇಲ್ಲ ಅಂತ ಸಭೆ ಬಿದ್ದುಹೋಗುವುದಿಲ್ಲ.

ನೇಗಿಲು: ಸಾಕು ಅಂತ ಕೂತಿದ್ದಕ್ಕೇ ಈ ಗತಿ. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡ ಅಂದವು. 12ಕ್ಕೆ 12. ಗಣಿ ನಿಂತಿತು. ಜನ ಬಂದು ಕೂತರೆ ಸಭೆಗೆ ಬಲ ಇದ್ದೇ ಇದೆ.

ಕಾನೂನುಕಟ್ಟೆ: ನಿಯಮಗಿರಿಯನ್ನು ಇಲ್ಲಿಗೆ ಎಳೆಯಬೇಡಿ. ಅದು 2006ರ ಅರಣ್ಯ ಹಕ್ಕು ಕಾಯ್ದೆಯ ವಿಷಯ. ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಆ ಸಭೆಗಳು ನಡೆದವು. ಮನೆ ಪಟ್ಟಿಗೂ ಅದಕ್ಕೂ ಏನು ಸಂಬಂಧ?

ನೇಗಿಲು: ಕೋರ್ಟ್ ಹೇಳಿದ್ದು ಸಭೆ ನಡೆಸಿ ಅಂತ. ಬೇಡ ಅಂದವರು ಆ ಬೆಟ್ಟದ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರು ಮತ್ತು ಅಲ್ಲಿನ ಊರಿನವರು. ಅವರ ಮಾತನ್ನು ಕೋರ್ಟಿನ ಲೆಕ್ಕಕ್ಕೆ ಯಾಕೆ ಬರೆಯುತ್ತೀರಿ?

ಕಾನೂನುಕಟ್ಟೆ: ಲೆಕ್ಕ ನಿಮ್ಮದೇ ತಪ್ಪು. ಜಿಲ್ಲಾ ನ್ಯಾಯಾಧೀಶರ ದರ್ಜೆಯವರನ್ನು ವೀಕ್ಷಕರಾಗಿ ಕೂರಿಸಿ ನಡೆಸಿದ ಸಭೆ ಅದು. ಮಾಮೂಲಿ ಗ್ರಾಮಸಭೆಗೆ ಹೋಲಿಸಿದರೆ ಓದುವವರಿಗೆ ದಾರಿ ತಪ್ಪಿಸಿದ ಹಾಗೆ.

ಹೊಲದಬದು: ವೀಕ್ಷಕರು ಅಂದಿರಲ್ಲ, ಒಳ್ಳೆಯದಾಯಿತು. ಸಭೆಯ ಮೇಲ್ವಿಚಾರಣೆಗೆ ಬಂದಿದ್ದ ನಮ್ಮ ನೋಡಲ್ ಅಧಿಕಾರಿ ಪಟ್ಟಿ ಅರ್ಧ ಓದುವಷ್ಟರಲ್ಲಿ ಜೀಪು ಹತ್ತಿದರು. ನೋಡುವವರೇ ಇಲ್ಲದ ಕಡೆ ಕೋರಂ ಯಾರು ಎಣಿಸಿದರು?

ಕೆರೆಏರಿ: ಜೀಪು ಹತ್ತಿದ್ದು ನಿಮ್ಮ ಪಂಚಾಯ್ತಿಯಲ್ಲಿ. ಎಲ್ಲರಿಗೂ ಅದೇ ಮಸಿ ಬಳಿಯಬೇಡಿ. ಟಾಂಟಾಂ ಹೊಡೆಸಿ, ವಾಟ್ಸ್ಯಾಪ್‌ನಲ್ಲಿ ಹಾಕಿ, ಮನೆಮನೆಗೆ ಹೋಗಿ ಕರೆದವರು ನಾವು. ಆದರೂ ಬರುವುದಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ ಅಂದಾಗ ಮಾತ್ರ ಓಡಿ ಬರುತ್ತಾರೆ. ನನಗೆ ಹೊಟ್ಟೆ ಉರಿಯುತ್ತೆ.

ಸೀತಾಳೆ: ಪಟ್ಟಿ ಹುಟ್ಟುವುದು ವಾರ್ಡ್ ಸಭೆಯಲ್ಲಿ ಅಲ್ವಾ? ಆ ಸಭೆ ನಡೆದಿತ್ತಾ ಅಂತ ಯಾರೂ ಕೇಳಲೇ ಇಲ್ಲ. ನಮ್ಮ ಕಡೆ ಸದಸ್ಯರ ಮನೆ ಜಗಲಿಯಲ್ಲಿ ಹೆಸರು ಬರೆದು ಅದನ್ನೇ ವಾರ್ಡ್ ಸಭೆ ಅಂತ ತೋರಿಸಿದ್ದಾರೆ.

ಕಾನೂನುಕಟ್ಟೆ: ಜಗಲಿಯಲ್ಲಿ ಸಭೆ ಮಾಡಬಾರದು ಅಂತ ಎಲ್ಲಿದೆ?

ಸೀತಾಳೆ: ಸಾರ್, ಜನರನ್ನು ಕರೆಯದೆ ಮಾಡಿದ್ದು ಅಂತ ಹೇಳಿದ್ದು ನಾನು. ಜಗಲಿ ಹಿಡಿದುಕೊಂಡು ಕೂರಬೇಡಿ.

ಹೊಲದಬದು: ಮಾಹಿತಿ ಹಕ್ಕಿನಲ್ಲಿ ನಡಾವಳಿ ನಕಲು ಕೇಳಿ ಅರ್ಜಿ ಹಾಕಿದ್ದೇನೆ. 30 ದಿನದೊಳಗೆ ಉತ್ತರ ಕೊಡಬೇಕು. ನಕಲು ಸಿಕ್ಕಿದ ಮೇಲೆ ಸಹಿ ಹಾಕಿದ ಒಬ್ಬೊಬ್ಬರನ್ನೂ ಸಭೆಗೆ ಹೋಗಿದ್ದಿರಾ ಅಂತ ಕೇಳುತ್ತೇನೆ.

ಕೆರೆಏರಿ: ಕೇಳಿ. ಹಾಗೇ ಮುಂದಿನ ಸಭೆಗೂ ಬನ್ನಿ.

ನೇಗಿಲು: ನಿಯಮಗಿರಿ ಮಾತು ಇನ್ನೂ ಮುಗಿದಿಲ್ಲ ಕಾನೂನುಕಟ್ಟೆಯವರೇ. 12 ಸಭೆಗಳಲ್ಲಿ ಒಂದಾದರೂ ಹೂಂ ಅಂದಿತ್ತಾ? ಅದನ್ನು ಮೊದಲು ಹೇಳಿ.