ಪದರದ ಉಕ್ಕಿನ ಅಡುಗೆ ಚಾಕು: ಬೆಸುಗೆ ಯಾಕೆ ಬಿಡ್ತಿದೆ?

ಕೇಳಿದ್ದು, ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಕೈಯಾರೆ ಒಂದು ಅಡುಗೆ ಚಾಕು ಮಾಡಿಕೊಡಬೇಕು ಅಂತ ಎಂಟು ತಿಂಗಳಿಂದ ಹಿಂದೆ ಬಿದ್ದಿದ್ದೀನಿ. ಮೈಮೇಲೆ ನೀರಿನ ಅಲೆಯಂಥ ಗೆರೆ ಕಾಣುತ್ತಲ್ಲ, ಆ ಪದರದ ಉಕ್ಕಿನದು. ಹಿತ್ತಲಲ್ಲಿ ಇದ್ದಿಲ ಕುಲುಮೆ, ಒಂದು ಬ್ಲೋವರ್, ಅಡಿಗಲ್ಲಿಗೆ ಗುಜರಿಯಲ್ಲಿ ಸಿಕ್ಕ ರೈಲು ಕಂಬಿಯ ತುಂಡು. ಲಾರಿಯ ಸ್ಪ್ರಿಂಗ್ ಪ್ಲೇಟು ಮತ್ತು ಸಾ ಮಿಲ್ಲಿನ ಗರಗಸದ ಪಟ್ಟಿ ಕತ್ತರಿಸಿ, ಒಂಬತ್ತು ತುಂಡು ಪೇರಿಸಿ ಎರಡು ಸಲ ಬೆಸೆದೆ. ಮೊದಲನೆಯದು ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿತು. ಎರಡನೆಯದು ಹಿಡಿದಿದೆ ಅಂದುಕೊಂಡೆ. ಆಕಾರಕ್ಕೆ ತಂದು ಉಜ್ಜಿದ ಮೇಲೆ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಿಸಿತು. ಎಷ್ಟು ಪದರ ಇಡಬೇಕು, ಎಷ್ಟು ಕಾವು ಬೇಕು, ಎಲ್ಲಿ ತಪ್ಪುತ್ತಿದ್ದೀನಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯಿಂದ:

ತಮ್ಮಾ, ಆ ಕಪ್ಪು ಗೆರೆ ಅಂದರೆ ಎರಡು ಪದರದ ನಡುವೆ ಸಿಕ್ಕಿಬಿದ್ದ ಕಿಟ್ಟ, ಕಾದ ಕಬ್ಬಿಣಕ್ಕೆ ಗಾಳಿ ತಾಗಿ ಕಟ್ಟುವ ಕಪ್ಪು ಪೊರೆ. ಅದು ಉಜ್ಜಿದರೆ ಹೋಗಲ್ಲ, ಒಳಗೂ ಇರುತ್ತೆ.

ನಾನು ಹುಟ್ಟಾ ಕಮ್ಮಾರ ಅಲ್ಲ, ಅಡಿಕೆ ತೋಟದವನು. ನಮ್ಮೂರ ಆಚಾರ್ರ ಕುಲುಮೆಯಲ್ಲಿ ನಾಲ್ಕು ಮಳೆಗಾಲ ಕೂತು ಕಲಿತೆ. ಅವರು ನನಗೆ ಕಲಿಸಿದ ಮೊದಲ ಪಾಠವನ್ನೇ ನಿನಗೆ ಹೇಳ್ತೀನಿ: ಪದರ ಎಣಿಸೋದು ಬಿಡು, ಮೊದಲು ಮೂರು ಪದರ ಗಟ್ಟಿಯಾಗಿ ಕೂರಿಸು. ನಡುವೆ ಒಳ್ಳೆ ಉಕ್ಕು, ಎರಡೂ ಬದಿಗೆ ಮೆದು ಕಬ್ಬಿಣ. ಒಂಬತ್ತು ತುಂಡು ಅಂದರೆ ಎಂಟು ಸಂದು. ಮೂರು ತುಂಡಾದರೆ ಎರಡೇ ಸಂದು. ಕೈ ಪಳಗುವವರೆಗೆ ಎರಡು ಸಂದು ಸಾಕು.

ಮೊದಲು ಒಂದು ಮಾತು ಕೇಳಬೇಕು. ನೀನು ಬೆಸೆದದ್ದು ಎಷ್ಟು ಹೊತ್ತಿಗೆ? ಹಿತ್ತಲು ಅಂದೆ. ಬಿಸಿಲಲ್ಲಿ ಮಾಡಿದ್ದರೆ ನಿನಗೆ ಕಾವು ಗೊತ್ತಾಗಿರೋದೇ ಇಲ್ಲ. ನೆರಳಲ್ಲಿ ಹೊಳೆಯುವ ಕಬ್ಬಿಣ ಬಿಸಿಲಲ್ಲಿ ಮಂದವಾಗಿ ಕಾಣುತ್ತೆ. ಒಂದೇ ಬಣ್ಣವನ್ನು ನಂಬಿ ಒಂದು ದಿನ ಉಕ್ಕು ಸುಡ್ತೀಯ, ಇನ್ನೊಂದು ದಿನ ಹಸಿ ಉಳಿಸ್ತೀಯ. ನಮ್ಮ ಆಚಾರ್ರ ಕುಲುಮೆಗೆ ಕಿಟಕಿ ಇರಲಿಲ್ಲ, ಬಾಗಿಲಿಗೆ ಗೋಣಿ ಇಳಿಬಿಡ್ತಿದ್ದರು. ಸಂಜೆ ಆರರ ಮೇಲೆ ಮಾಡು, ಇಲ್ಲ ತಗಡು ಕಟ್ಟಿ ನೆರಳು ಮಾಡಿಕೋ.

ಇನ್ನು ಬೆಸುಗೆ. ತಾಗುವ ಮುಖಗಳನ್ನೆಲ್ಲ ಗ್ರೈಂಡರಿನಲ್ಲಿ ಬೆಳ್ಳಗೆ ಹೊಳೆಯುವ ತನಕ ಉಜ್ಜು. ಸ್ಪ್ರಿಂಗ್ ಪ್ಲೇಟಿನ ಮೇಲಿನ ಕಪ್ಪು ಚರ್ಮ ಒಂದು ಚುಕ್ಕಿಯಷ್ಟೂ ಉಳಿಯಬಾರದು, ತಗ್ಗು ಇರಬಾರದು. ಉಜ್ಜಿದ ಮೇಲೆ ಬೆರಳಲ್ಲಿ ಮುಟ್ಟಬೇಡ, ಅದೇ ದಿನ ಜೋಡಿಸು. ನಾಲ್ಕು ಮೂಲೆಗೂ ವೆಲ್ಡಿಂಗ್ ಚುಕ್ಕೆ ಹಾಕಿಸಿ, ಒಂದು ತುದಿಗೆ ಸರಳು ಅಂಟಿಸಿಕೊಂಡರೆ ಇಕ್ಕಳದ ತಾಪತ್ರಯ ಇಲ್ಲ.

ಬಿಳಿಗಾರ, ಅಂದರೆ ಬೋರಾಕ್ಸ್, ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತೆ, ಅಕ್ಕಸಾಲಿಗರೂ ಕೊಡ್ತಾರೆ. ಹಾಗೇ ಹಾಕಿದರೆ ಅದರೊಳಗಿನ ನೀರು ಕುದ್ದು ನೊರೆಯಾಗಿ ಅರ್ಧ ಬೆಂಕಿಗೆ ಬೀಳುತ್ತೆ. ಅಡುಗೆಗೆ ಬಳಸದ ಬಾಣಲೆಯಲ್ಲಿ ಹುರಿ, ಅರಳಿನಂತೆ ಉಬ್ಬುತ್ತೆ, ಆರಿದ ಮೇಲೆ ಪುಡಿ ಮಾಡಿಡು. ಕಬ್ಬಿಣ ಮಂದ ಕೆಂಪಿಗೆ ಬಂದ ಕೂಡಲೇ ಹೊರಗೆ ತೆಗೆದು ಸಂದಿಗಳ ಮೇಲೆ ಉದುರಿಸು. ಇಲ್ಲೇ ಬಹಳ ಜನ ತಡ ಮಾಡೋದು. ಪೂರಾ ಕಾದ ಮೇಲೆ ಹಾಕಿದರೆ ಅಷ್ಟರಲ್ಲಿ ಕಿಟ್ಟ ಒಳಗೆ ಕೂತಾಗಿರುತ್ತೆ. ಬಿಳಿಗಾರ ಗಾಜಿನಂತೆ ಕರಗಿ ಕಿಟ್ಟವನ್ನು ಕರಗಿಸಿಕೊಂಡು ಹರೀಬೇಕು, ಒಳಕ್ಕೆ ಗಾಳಿ ಹೋಗದ ಹಾಗೆ ಮುಚ್ಚಬೇಕು. ಅದರ ಕೆಲಸ ಅಷ್ಟೇ, ಅದು ಅಂಟಲ್ಲ.

ಆಮೇಲೆ ಕಾವು ಏರಿಸು. ಸುಮಾರು 1200 ಡಿಗ್ರಿ ಬೇಕು. ನನ್ನ ಹತ್ತಿರ ಮೀಟರ್ ಇಲ್ಲ, ಕಣ್ಣೇ ಮೀಟರ್. ಹಳದಿ ತಿಳಿಯಾಗುತ್ತಾ ಬರುತ್ತೆ, ಮೇಲಿನ ಬಿಳಿಗಾರ ಬೆಣ್ಣೆ ಕಾಯಿಸುವಾಗ ತುಪ್ಪ ತಿಳಿಯಾಗುವ ಹೊತ್ತಿಗೆ ಹೇಗೆ ಸಣ್ಣಗೆ ನಡುಗುತ್ತೋ ಹಾಗೆ ನಡುಗುತ್ತೆ, ಸಣ್ಣ ಹೊಗೆ ಏಳುತ್ತೆ. ಆಗಲೂ ಅವಸರ ಬೇಡ. ಮೇಲಿನ ಬಣ್ಣ ಬಂದರೂ ನಡುವಿನ ಪದರಕ್ಕೆ ಕಾವು ಇಳಿದಿರಲ್ಲ. ಮಗುಚಿ ಹಾಕು, ಒಂದೆರಡು ನಿಮಿಷ ಹಾಗೇ ಬಿಡು. ಆದರೆ ಸುರುಸುರು ಬತ್ತಿಯ ಹಾಗೆ ಕಿಡಿ ಹಾರಿತು ಅಂದರೆ ಉಕ್ಕು ಸುಟ್ಟಿತು. ಆ ಭಾಗ ಕತ್ತರಿಸಿ ಬಿಸಾಕು, ಉಳಿಸಿಕೊಳ್ಳೋಕೆ ಹೋಗಬೇಡ.

ಮೊದಲ ಏಟು ಜೋರಾಗಿ ಬೇಡ. ಒಂದು ತುದಿಯಿಂದ ಶುರು ಮಾಡಿ ಒತ್ತೊತ್ತಾಗಿ, ಹಗುರವಾಗಿ ಹೊಡೀತಾ ಇನ್ನೊಂದು ತುದಿಗೆ ಹೋಗು. ಕರಗಿದ ಬಿಳಿಗಾರ ಹೊರಗೆ ಬರೋಕೆ ದಾರಿ ಸಿಗಬೇಕು. ಅದು ಪಿಚಕಾರಿಯಂತೆ ಸಿಡಿಯುತ್ತೆ. ಹತ್ತಿ ಬಟ್ಟೆ, ಚರ್ಮದ ಏಪ್ರನ್, ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಹತ್ತಿರ ನಿಲ್ಲಬಾರದು, ಮಕ್ಕಳಂತೂ ಬೇಡವೇ ಬೇಡ. ಹೊಡೆಯುವಾಗ ಕಿವಿ ಕೊಡು. ಹಿಡಿಯದಿದ್ದಾಗ ಏಟು ‘ಡಬ್ ಡಬ್’ ಅಂತ ಟೊಳ್ಳಾಗಿ ಕೇಳುತ್ತೆ. ಹಿಡಿದ ಮೇಲೆ ಒಂದೇ ಗಟ್ಟಿಯ ಮೇಲೆ ಹೊಡೆದ ದನಿ. ಕಿತ್ತಳೆ ಬಣ್ಣಕ್ಕೆ ಇಳಿದ ಕೂಡಲೇ ಸುತ್ತಿಗೆ ಕೆಳಗಿಡು. ಮತ್ತೆ ಬಿಳಿಗಾರ, ಮತ್ತೆ ಕಾವು, ಹೀಗೆ ಮೂರು ಸಲ. ಅಲ್ಲಿವರೆಗೆ ಅಂಚಿನ ಮೇಲೆ ನಿಲ್ಲಿಸಿ ಹೊಡೀಲೇಬೇಡ, ಸಂದು ಬಾಯಿ ಬಿಡುತ್ತೆ.

ಹಿಡಿದಿದೆಯೋ ಇಲ್ಲವೋ ಅಂತ ಆಗಲೇ ತಿಳಿಯಬಹುದು. ಕೆಂಪಗಿರುವಾಗ ಕತ್ತಲಲ್ಲಿ ಎತ್ತಿ ಹಿಡಿದು ಬದಿಯಿಂದ ನೋಡು. ಎಲ್ಲಿ ಹಿಡಿದಿಲ್ಲವೋ ಅಲ್ಲಿ ಕಾವು ದಾಟಲ್ಲ, ಕಪ್ಪು ನೆರಳಿನ ಗೆರೆ ಮೂಡುತ್ತೆ. ಇದನ್ನು ನೀನು ಅವತ್ತು ನೋಡಿದ್ದರೆ ಚಾಕಿನ ಆಕಾರಕ್ಕೆ ತರುವ ಶ್ರಮ ಉಳೀತಿತ್ತು.

ಪೀಣ್ಯದಿಂದ, ಹೀಟ್ ಟ್ರೀಟ್‌ಮೆಂಟ್ ಕೆಲಸದವರು:

ಮೇಲಿನವರು ಹೇಳಿದ್ದಕ್ಕೆ ಕೂಡಿಸ್ತೀನಿ. ನಿಮ್ಮ ಸಾಮಾನೇ ಅನುಮಾನ. ಲಾರಿ ಪ್ಲೇಟು ಇಎನ್ 45 ಅನ್ನೋ ಸ್ಪ್ರಿಂಗ್ ಉಕ್ಕಿನ ಜಾತಿಯದಾಗಿದ್ದರೆ ಅದರಲ್ಲಿ ಕಾರ್ಬನ್ 0.5ರಿಂದ 0.6 ಶೇಕಡಾ. ಮಚ್ಚು, ಕುಡುಗೋಲಿಗೆ ಸೊಗಸು. ತೆಳ್ಳನೆಯ ಅಡುಗೆ ಚಾಕಿನ ಬಾಯಿಗೆ ಸಾಲದು. ಹಳೇ ಪ್ಲೇಟಿನೊಳಗೆ ಕಣ್ಣಿಗೆ ಕಾಣದ ಬಿರುಕೂ ಇರಬಹುದು. ಮರ ಕೊಯ್ಯುವ ಅಗಲ ಗರಗಸದ ಪಟ್ಟಿಯಲ್ಲಿ ಎಷ್ಟೋ ಸಲ ನಿಕ್ಕಲ್ ಇರುತ್ತೆ, ಗೆರೆ ಎದ್ದು ಕಾಣಲು ಕೊನೆಗೆ ಆಸಿಡ್ಡಿನಲ್ಲಿ ಅದ್ದಿದಾಗ ಬೆಳ್ಳಗೆ ಉಳಿಯೋದು ಅದೇ. ಆದರೆ ನಂಬಬೇಡಿ, ಪರೀಕ್ಷೆ ಮಾಡಿ. ಬೆರಳಗಲದ ತುಂಡು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ವೈಸಿಗೆ ಕಚ್ಚಿಸಿ, ಬಟ್ಟೆ ಸುತ್ತಿ ಹೊಡೆಯಿರಿ. ಗಾಜಿನಂತೆ ಮುರಿದು ಒಳಗೆ ಸಣ್ಣ ಬೂದು ಕಣ ಕಂಡರೆ ಚಾಕಿಗಾಗುತ್ತೆ. ಬಾಗಿದರೆ ಆಗಲ್ಲ.

ಜಾಸ್ತಿ ಪದರ ಅಂದರೆ ಜಾಸ್ತಿ ಹರಿತ ಅನ್ನೋದು ತಪ್ಪು ಕಲ್ಪನೆ. ಬೆಸುಗೆಯ ಕಾವಿನಲ್ಲಿ ಕಾರ್ಬನ್ ಒಂದು ಪದರದಿಂದ ಇನ್ನೊಂದಕ್ಕೆ ಹರಿಯುತ್ತೆ, ಪದರ ತೆಳ್ಳಗಾದಷ್ಟೂ ಬೇಗ ಸಮ ಆಗುತ್ತೆ. ಶೇಕಡಾ 1ರ ಉಕ್ಕು, 0.1ರ ಕಬ್ಬಿಣ ಅರ್ಧರ್ಧ ಹಾಕಿ ನೂರು ಪದರ ಮಡಚಿದರೆ ಕೊನೆಗೆ ಕೈಗೆ ಬರೋದು 0.55ರದ್ದು. ನಿಕ್ಕಲ್ ಹೆಚ್ಚು ಜರುಗಲ್ಲ, ಹಾಗಾಗಿ ಗೆರೆ ಹಾಗೇ ಇರುತ್ತೆ, ಹರಿತ ಮಾತ್ರ ಹೋಗಿರುತ್ತೆ. ಕೊಯ್ಯೋದು ನಡುವಿನ ಉಕ್ಕು. ಅದಕ್ಕೇ ಮೂರು ಪದರ.

ಮೊದಲ ಚಾಕಿಗೆ ಹಳೇ ಒಳ್ಳೆ ಅರ (ಉಜ್ಜುವ ಫೈಲು) ನಡುವೆ ಇಡಿ, ಎರಡು ಬದಿಗೆ ಎಂಎಸ್ ಪಟ್ಟಿ, ಅಂದರೆ ಮೈಲ್ಡ್ ಸ್ಟೀಲಿನ ಮೆದು ಪಟ್ಟಿ. ಅರದ ಹಲ್ಲು ಒಂದೂ ಉಳಿಯದಂತೆ ಉಜ್ಜಬೇಕು, ಆ ಗೀರುಗಳಲ್ಲೇ ಕಿಟ್ಟ ಅಡಗೋದು. ಬೇರಿಂಗಿನ ಇಎನ್ 31 ಉಕ್ಕು ಈಗ ಬೇಡ, ಅದರ ಕ್ರೋಮಿಯಂ ಬೆಸುಗೆಗೆ ತೊಂದರೆ ಕೊಡುತ್ತೆ.

ಆಕಾರ ಆದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡಿ, ಪ್ರತಿ ಸಲ ಸ್ವಲ್ಪ ಕಮ್ಮಿ ಕಾವು. ಬೆಸುಗೆಯಲ್ಲಿ ದಪ್ಪಗಾದ ಕಣ ಸಣ್ಣಗಾಗುತ್ತೆ. ಬಾಯಿಯ ದಪ್ಪ 1 ಮಿಲಿಮೀಟರಿಗಿಂತ ತೆಳ್ಳಗೆ ಮಾಡಬೇಡಿ, ಅದ್ದುವಾಗ ಬಿರಿಯುತ್ತೆ. ಹದಕ್ಕೆ, ಅಂದರೆ ಬಾಯಿ ಗಡಸು ಮಾಡೋಕೆ, ಅಯಸ್ಕಾಂತ ಹಿಡಿದು ನೋಡಿ: 770 ಡಿಗ್ರಿಯ ಹತ್ತಿರ ಅದು ಅಂಟೋದು ಬಿಡುತ್ತೆ. ಅಲ್ಲಿಂದ ಇನ್ನೊಂದಿಷ್ಟು, 800 ದಾಟಿದ ಮೇಲೆ, 50 ಡಿಗ್ರಿಗೆ ಬೆಚ್ಚಗಿರುವ ಕಡಲೆಕಾಯಿ ಎಣ್ಣೆಗೆ ನೆಟ್ಟಗೆ ಇಳಿಸಿ. ನೀರು ಬೇಡ. ಎಣ್ಣೆ ಡಬ್ಬಿಗೆ ಮುಚ್ಚಳ ಪಕ್ಕದಲ್ಲೇ ಇರಲಿ, ಬೆಂಕಿ ಹತ್ತಿಕೊಂಡರೆ ಮುಚ್ಚಿಬಿಡಿ. ಆಮೇಲೆ ಅರ ಆಡಿಸಿದರೆ ಜಾರಬೇಕು, ಕಚ್ಚಬಾರದು. ಕೈ ಬಿಸಿ ತಡೆಯುವಷ್ಟು ಆರಿದ ಕೂಡಲೇ, ಅತಿ ಗಡಸು ತಗ್ಗಿಸೋಕೆ, ಓವನ್ನಿಗೆ: 200 ಡಿಗ್ರಿ, ಎರಡು ಗಂಟೆ, ಎರಡು ಸಲ. ಮನೆ ಓವನ್ನಿನ ಮುಳ್ಳನ್ನು ನಂಬಬೇಡಿ, ಬೇರೆ ಥರ್ಮಾಮೀಟರ್ ಒಳಗಿಡಿ.

ಇನ್ನೊಂದು. ಈ ಪದರದ ಉಕ್ಕನ್ನು ಡಮಾಸ್ಕಸ್ ಅಂತ ಕರೆದು, ನಮ್ಮ ಹಳೇ ಉಕ್ಕು ಇದೇ ಅಂತ ಹೇಳೋರಿದ್ದಾರೆ. ಅಲ್ಲ. ನಮ್ಮ ದಕ್ಷಿಣದ ಉಕ್ಕು ಮೂಸೆಯಲ್ಲಿ ಕರಗಿಸಿ ನಿಧಾನವಾಗಿ ಆರಿಸಿದ ಒಂದೇ ಗಟ್ಟಿ. ಅದರ ಗೆರೆ ಒಳಗಿನ ಕಾರ್ಬೈಡ್ ಸಾಲುಗಳಿಂದ ತಾನೇ ಮೂಡುವಂಥದ್ದು, ಪದರ ಬೆಸೆದದ್ದಲ್ಲ. ಅದಕ್ಕೆ ಇಂಗ್ಲಿಷರು ಇಟ್ಟ ವೂಟ್ಜ್ ಅನ್ನೋ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಹೋದದ್ದು ಅಂತ ಹೇಳ್ತಾರೆ. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ 1819ರಲ್ಲಿ ಲಂಡನ್ನಿನಲ್ಲಿ ಕೂತು ಪರೀಕ್ಷೆ ಮಾಡಿದ್ದು ಈ ಉಕ್ಕನ್ನೇ. ಎರಡೂ ದೊಡ್ಡ ವಿದ್ಯೆ, ಬೇರೆ ಬೇರೆ ವಿದ್ಯೆ.

ಧಾರವಾಡದಿಂದ:

ತಮ್ಮಾ, ನಮ್ಮಪ್ಪನ ಕುಲಮಿಯೊಳಗ ತಿದಿ ಊದಿ ಬೆಳದಾಕಿ ನಾನು. ಎಲ್ಲಾರೂ ಕಾವಿನ ಮಾತು ಹೇಳಿದ್ರು, ಬೆಂಕಿ ಮಾತು ಯಾರೂ ಹೇಳಲಿಲ್ಲ. ನಿನ್ನ ಬ್ಲೋವರ್ ಗಾಳಿ ಭಾಳ ಜೋರ ಇರಬೇಕು. ಗಾಳಿ ಬಾಯಿ ಮುಂದನ ಕಬ್ಬಿಣ ಇಟ್ರ ಬೆಂಕಿಗಿಂತ ಮೊದಲ ಗಾಳಿನ ಅದನ್ನ ತಿಂತದ, ಎಷ್ಟು ಬಿಳಿಗಾರ ಹಾಕಿದ್ರೂ ಕಿಟ್ಟ ಕಟ್ಟತದ. ಗಾಳಿ ಬಾಯಿಗೂ ಕಬ್ಬಿಣಕ್ಕೂ ನಡುವ ಒಂದು ಗೇಣು ಕೆಂಡ ಇರಬೇಕು, ಮ್ಯಾಲೂ ಕೆಂಡ ಮುಚ್ಚಿರಬೇಕು. ಇದ್ದಿಲ ನಿಂಬಿಹಣ್ಣಿನ ಗಾತ್ರಕ್ಕ ಒಡಕೋ. ಭಾಳ ದೊಡ್ಡದಾದ್ರ ಸಂದಿನಾಗ ಗಾಳಿ ನುಗ್ಗತದ, ಪುಡಿಯಾದ್ರ ಉಸಿರ ಕಟ್ಟತದ.

ರೈತರು ಕುಡಗೋಲು, ಗುದ್ದಲಿ ಹಣಿಸಾಕ ತಂದ್ರ, ಸವದ ಬಾಯಿಗೆ ಅಪ್ಪ ಉಕ್ಕಿನ ಚೂರು ಕೂಡಿಸಿ ಕೊಡ್ತಿದ್ದ. ನೀವು ಮಾಡೋ ಮೂರು ಪದರದ ಕೆಲಸ ಅದರ ಅಣ್ಣತಮ್ಮನ. ಹಿಂಗಾಗಿ ನಿಮ್ಮೂರ ಸುತ್ತ ಯಾರರೆ ಹಿರೇ ಕಮ್ಮಾರರು ಇದ್ರ ಹೋಗಿ ಒಂದಿನ ಅವರ ಬಾಜೂಕ ನಿಂದ್ರು. ಕೈಮುಗದು ಕೇಳು, ಬರೇ ನೋಡಾಕ ಅಲ್ಲ, ತಿದಿ ಊದಾಕ ಹೋಗು. ಅಪ್ಪ ಹೋದ ಮ್ಯಾಲೆ ನಮ್ಮ ಕುಲಮಿ ಹೊತ್ತಿಲ್ಲ. ಅದಕ್ಕ ಇಷ್ಟು ಹೇಳಾಕತ್ತೀನಿ.

ಉಡುಪಿಯಿಂದ, ಅಡುಗೆಯವರು:

ಮಾರಾಯ್ರೆ, ಓವನ್ನಿನ 200 ಡಿಗ್ರಿ ಬಗ್ಗೆ ನನ್ನದೊಂದು ತಕರಾರು. ನಾನು ಕಮ್ಮಾರನಲ್ಲ, ಚಾಕು ಹಿಡಿದು ಇಪ್ಪತ್ತೆರಡು ವರ್ಷ ಆಯಿತು. ನಮ್ಮ ಅಡುಗೆಮನೆಯಲ್ಲಿ ಚಾಕು ಬರೀ ಬೀನ್ಸ್ ಹೆಚ್ಚುವುದಲ್ಲ. ಬೆನ್ನಿನಿಂದ ತೆಂಗಿನಕಾಯಿ ಒಡೆಯುತ್ತಾರೆ, ತುದಿ ತೂರಿಸಿ ಕಾಯಿ ಎಬ್ಬಿಸುತ್ತಾರೆ, ಸುವರ್ಣಗೆಡ್ಡೆ ಸೀಳುತ್ತಾರೆ. ನನಗೆ ಒಬ್ಬರು ಪ್ರೀತಿಯಿಂದ ಕೊಟ್ಟ ಕೈಕೆಲಸದ ಚಾಕಿನ ಬಾಯಿ ಮೊದಲ ವಾರವೇ ಉದುರಿತು. ತುಂಬ ಗಟ್ಟಿ ಇತ್ತು. ಅಮ್ಮ ಹೇಗೆ ಬಳಸುತ್ತಾರೆ ಅಂತ ಎರಡು ದಿನ ಕೂತು ನೋಡಿ, ಆಮೇಲೆ ಹದ ಹಾಕಿ. ಸ್ವಲ್ಪ ಮೆದುವಾಗಿದ್ದರೆ ವಾರಕ್ಕೊಮ್ಮೆ ಮಸೆದುಕೊಳ್ಳಬಹುದು, ಉದುರಿದರೆ ಏನೂ ಮಾಡುವ ಹಾಗಿಲ್ಲ.

ಪೀಣ್ಯದವರು ಮತ್ತೆ:

ಒಪ್ಪಿದೆ ಅಣ್ಣ. ಹಾಗಿದ್ದರೆ 230 ಡಿಗ್ರಿ ಇಡಿ. ಉಜ್ಜಿದ ಮೈಗೆ ಒಣಹುಲ್ಲಿನ ಬಣ್ಣ ದಾಟಿ ಕಂದು ಸುಳಿಯುತ್ತೆ, ಅಲ್ಲಿಗೆ ನಿಲ್ಲಿಸಿ.

ಜಪಾನಿನ ಒಸಾಕಾದಿಂದ:

ಇಲ್ಲಿಗೆ ಹತ್ತಿರದ ಸಕಾಯಿ ಊರು ಚಾಕಿಗೆ ಹೆಸರಾದದ್ದು. ಬಡಿಯುವವರು ಬೇರೆ, ಮಸೆಯುವವರು ಬೇರೆ, ಹಿಡಿ ಹಾಕುವವರು ಬೇರೆ. ಅಲ್ಲಿನ ಒಂದು ಕುಲುಮೆಯಲ್ಲಿ ನೋಡಿದ್ದು: ಮೆದು ಕಬ್ಬಿಣಕ್ಕೆ ‘ಜಿಗಾನೆ’, ಬಾಯಿಯ ಉಕ್ಕಿಗೆ ‘ಹಗಾನೆ’ ಅನ್ನುತ್ತಾರೆ, ಒಂದರ ಮೇಲೊಂದು ಇಟ್ಟು ಬೆಸೆಯುತ್ತಾರೆ. ನಡುವೆ ಉದುರಿಸುವ ಬಿಳಿಗಾರಕ್ಕೆ ಕಬ್ಬಿಣದ ಪುಡಿಯನ್ನೂ ಬೆರೆಸಿರುತ್ತಾರೆ. ಅಂಗಡಿಯಲ್ಲಿ ಅಲೆಯ ಗೆರೆ ತೋರಿಸಿ ಮಾರುವ ಚಾಕುಗಳಲ್ಲೂ ಬಹುಪಾಲು ಗೆರೆ ಇರುವುದು ಹೊರಗಿನ ಹೊದಿಕೆಯಲ್ಲಿ ಮಾತ್ರ, ಬಾಯಿ ಒಂದೇ ಉಕ್ಕಿನದು. ಹಾಗಾಗಿ ಮೂರರಿಂದ ಶುರು ಮಾಡಿದರೆ ನೀವು ಕೆಳಗಿನ ಮೆಟ್ಟಿಲಲ್ಲಿ ಇದ್ದೀರಿ ಅಂತ ಅಂದುಕೊಳ್ಳಬೇಡಿ.

ದಾವಣಗೆರೆಯಿಂದ, ಐದು ವಾರದ ಮೇಲೆ:

ಎಲ್ಲ ಹಿರಿಯರಿಗೂ ವಂದನೆ. ತೀರ್ಥಹಳ್ಳಿ ಅಣ್ಣ ಕೇಳಿದ್ದು ಸರಿ, ನಾನು ಎರಡೂ ಸಲ ಭಾನುವಾರ ಮಧ್ಯಾಹ್ನ ಬೆಸೆದಿದ್ದೆ. ಈ ಸಲ ತಗಡಿನ ಮರೆ ಕಟ್ಟಿ, ಬ್ಲೋವರಿಗೆ ಬಾಗಿಲು ಕೂರಿಸಿ ಗಾಳಿ ತಗ್ಗಿಸಿದೆ, ಧಾರವಾಡದ ಅಕ್ಕ ಹೇಳಿದಂತೆ ಒಂದು ಗೇಣು ಕೆಂಡ ಕಟ್ಟಿದೆ. ನಡುವೆ ಹನ್ನೆರಡು ಇಂಚಿನ ಹಳೇ ಅರದ ತುಂಡು, ಎರಡು ಬದಿಗೆ 5 ಮಿಲಿಮೀಟರಿನ ಎಂಎಸ್. ಮೂರನೇ ಕಾವಿಗೆ ಸುತ್ತಿಗೆಯ ದನಿ ಬದಲಾದದ್ದು ನನಗೇ ಕೇಳಿಸಿತು. ಕತ್ತಲಲ್ಲಿ ಎತ್ತಿ ನೋಡಿದೆ, ನೆರಳು ಎಲ್ಲೂ ಇರಲಿಲ್ಲ, ಸರಳಿನ ಹತ್ತಿರ ಅರ್ಧ ಇಂಚು ಬಿಟ್ಟು. ಅದನ್ನು ಕತ್ತರಿಸಿದೆ.

ಎಣ್ಣೆಗೆ ಅದ್ದಿದಾಗ ಎಡಕ್ಕೆ ಸ್ವಲ್ಪ ಬಾಗಿತು. ಒಂದು ಬದಿ ಹೆಚ್ಚು ಉಜ್ಜಿ ಅರದ ಪದರ ನಡುವಿಂದ ಸರಿದಿತ್ತು. ಓವನ್ನಿನಲ್ಲಿ 230ಕ್ಕೆ ಇಡುವಾಗ ಕಬ್ಬಿಣದ ಪಟ್ಟಿಗೆ ಕ್ಲ್ಯಾಂಪ್ ಹಾಕಿ ಬಿಗಿದೆ, ನೆಟ್ಟಗಾಯಿತು. ಹದ ಆದ ಮೇಲೆ ಉಜ್ಜುವಾಗ ನಾಲ್ಕು ಸಲ ಎಳೆದು ಒಂದು ಸಲ ನೀರಿಗೆ, ಬಿಸಿ ಏರಿ ಹದ ಕೆಟ್ಟರೆ ಬರುವ ನೀಲಿ ಸುಳಿಯಲಿಲ್ಲ. ಗೆರೆ ಎದ್ದು ಕಾಣಲು ಫೆರಿಕ್ ಕ್ಲೋರೈಡ್ ಆಸಿಡ್ಡು ಒಂದಕ್ಕೆ ನೀರು ನಾಲ್ಕು ಸೇರಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತು ನಿಮಿಷ ಇಟ್ಟು, ಅಡುಗೆ ಸೋಡದ ನೀರಲ್ಲಿ ತೊಳೆದೆ. ಬಾಯಿಯ ಉದ್ದಕ್ಕೂ ಅರದ ಉಕ್ಕು ಕಪ್ಪಗೆ, ಮೇಲಿನ ಕಬ್ಬಿಣ ಬೂದಿ ಬಣ್ಣ, ಎರಡರ ನಡುವೆ ಬಾಗಿ ಬಾಗಿ ಹೋಗುವ ಒಂದು ಗೆರೆ. ಅದನ್ನು ನಾನು ಬಿಡಿಸಿದ್ದಲ್ಲ, ನನ್ನ ಏಟುಗಳು ಎಲ್ಲಿ ಹೆಚ್ಚು ಬಿದ್ದವೋ ಎಲ್ಲಿ ಕಮ್ಮಿಯೋ ಅದೇ ಗೆರೆಯಾಗಿದೆ.

ಹಿಡಿಗೆ ಹಲಸಿನ ಮರ ಹಾಕಿದೆ. ಅಮ್ಮ ಮೊದಲು ಹೆಚ್ಚಿದ್ದು ಈರುಳ್ಳಿ, ಆಮೇಲೆ ನಿಂಬೆಹಣ್ಣು. ಸಂಜೆಗೆ ಬಾಯಿಯ ಹತ್ತಿರ ನೀಲಿಗಪ್ಪು ಕಲೆ ಬಂದಿದೆ. ಇದು ತುಕ್ಕೇ?

ತೀರ್ಥಹಳ್ಳಿ ಕಡೆಯಿಂದ:

ತುಕ್ಕಲ್ಲ ತಮ್ಮಾ. ಆ ನೀಲಿಗಪ್ಪು ಮುಂದೆ ಚಾಕಿನ ಮೈಯೆಲ್ಲ ಹರಡಿ ತುಕ್ಕನ್ನು ತಡೆಯುತ್ತೆ, ತಿಕ್ಕಿ ತೆಗೀಬೇಡ. ಕೆಂಪಗೆ ಬಂದರೆ ಮಾತ್ರ ಬೂದಿ ಹಾಕಿ ತಿಕ್ಕು. ಹೆಚ್ಚಿದ ಕೂಡಲೇ ತೊಳೆದು ಒರೆಸಿ, ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡೋಕೆ ಅಮ್ಮನಿಗೆ ಹೇಳು. ಕತ್ತರಿಸಿದ ಆ ಅರ್ಧ ಇಂಚಿನ ತುಂಡು ಬಿಸಾಕಬೇಡ. ಅದನ್ನು ಅಡ್ಡಕ್ಕೆ ಕೊಯ್ದು, ಉಜ್ಜಿ, ಅದೇ ಆಸಿಡ್ಡಿನಲ್ಲಿ ಅದ್ದಿ ನೋಡು. ಸಂದು ಎಲ್ಲಿಂದ ಬಿಟ್ಟಿದೆ ಅಂತ ಕಾಣುತ್ತೆ. ಅದನ್ನು ನೋಡಿದ ಮೇಲೆ ಐದು ಪದರ ಪೇರಿಸು.