ಕ್ಯಾಸಲ್‌ನ "ಕೀಪ್"ಗೆ ಬುರುಜು ಸರಿಯಾ, ಹುಡೇವು ಸರಿಯಾ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಹಿಯರ್‌ಫರ್ಡ್‌ಶೈರ್‌ನಲ್ಲಿ ವೈ ನದಿ ದಂಡೆ ಮೇಲೆ ಗುಡ್ರಿಚ್ ಅಂತ ಒಂದು ಹಳ್ಳಿ ಇದೆ, ಅಲ್ಲಿನ ಕ್ಯಾಸಲ್ ಬಗ್ಗೆ ಕನ್ನಡದಲ್ಲಿ ಬರೀತಿದೀನಿ, ಅದರ ಕೀಪ್‌ಗೆ, ಅಂದ್ರೆ ಒಳಗಿನ ಮುಖ್ಯ ಗೋಪುರಕ್ಕೆ, ಪದ ಮಾತ್ರ ಸಿಗ್ತಾನೇ ಇಲ್ಲ.

ಕೋಟೆ ಅಂದ್ರೆ ನಮಗೆ ಚಿತ್ರದುರ್ಗದ ಥರ ಗುಡಿ, ಹೊಂಡ, ಕಣಜ ಎಲ್ಲಾ ಒಳಗಿರೋ ಜಾಗ. ಗುಡ್ರಿಚ್ ಹಾಗಲ್ಲ, ಅದು ಒಬ್ಬ ದೊರೆ ಮನೆತನದ ವಾಸ, ಊರು ಚರ್ಚು ಎಲ್ಲಾ ಹೊರಗೆ. ಅದರ ಒಳಗೆ 12ನೇ ಶತಮಾನದ ಒಂದು ಚೌಕ ಗೋಪುರ, ತಿಳಿಬೂದು ಮರಳುಗಲ್ಲಿಂದು, ಬಾಗಿಲು ಮೊದಲು ನೆಲದಲ್ಲಿರ್ಲಿಲ್ಲ, ಹೊರಗಿಂದ ಮೆಟ್ಟಿಲು ಹತ್ತಿ ಮೊದಲ ಮಹಡಿಗೇ ಹೋಗ್ಬೇಕಿತ್ತು. ಇದೇ ಕೀಪ್. ಆ ಕಾಲದವರು ಡೊಂಜೊನ್ ಅಂತಿದ್ರು, ಕೀಪ್ ಅನ್ನೋ ಹೆಸರು ಬಂದಿದ್ದು 16ನೇ ಶತಮಾನದಲ್ಲಿ. ಇದರ ಸುತ್ತ ಇರೋ ಕೆಂಪು ಕಲ್ಲಿನ ಗೋಡೆ, ಮೂಲೆ ಗೋಪುರಗಳು 13ನೇ ಶತಮಾನದ ಕೊನೇಲಿ ಕ್ಯಾಸಲ್‌ನ ಒಡೆಯರಾಗಿದ್ದ ವಿಲಿಯಂ ಡಿ ವಾಲೆನ್ಸ್ ಮನೆತನದವರ ಕಾಲದ್ದು, ಬಂಡೆ ಕಡಿದು ಕಂದಕ ಮಾಡ್ದಾಗ ಸಿಕ್ಕ ಕಲ್ಲನ್ನೇ ಗೋಡೆಗೆ ಹಾಕಿದಾರೆ, ಎಂಥಾ ಅಚ್ಚುಕಟ್ಟು ಕೆಲಸ ನೋಡಿ.

ಬುರುಜು ಅಂದ್ರೆ ಗೋಡೆಗೆ ಅಂಟಿಕೊಂಡಿದ್ದು ಅನ್ನೋ ಅರ್ಥ ಬರುತ್ತೆ, ಅದು ಮೂಲೆ ಗೋಪುರಗಳಿಗೆ ಸರಿ, ಕೊತ್ತಳಾನೂ ಅಷ್ಟೇ. ಒಂಟಿಯಾಗಿ ನಿಂತಿರೋದಕ್ಕೆ ಬಿಜಾಪುರದ ಉಪ್ಪಲಿ ಬುರುಜು ಇದೆ ನಿಜ, ಆದ್ರೆ ಅದು ತೋಪು ಇಡೋಕೆ ಕಟ್ಟಿದ್ದು, ಅಲ್ಲಿ ಯಾರೂ ಸಂಸಾರ ಮಾಡ್ಲಿಲ್ಲ. ನನಗೆ ಉತ್ತರ ಕರ್ನಾಟಕದ ಹಳ್ಳಿಗಳ ಹುಡೇವು, ಅಂದ್ರೆ ಊರ ಕಾವಲಿನ ಗೋಪುರ, ಹತ್ತಿರ ಅನ್ಸುತ್ತೆ. ವಿಜಯಪುರ, ಬಾಗಲಕೋಟೆ ಕಡೆಯವರು ಹೇಳಿ, ಒಳಗೆ ಕೋಣೆ ಇರೋ ಗೋಪುರಕ್ಕೂ ನಿಮ್ಮಲ್ಲಿ ಹುಡೇವು ಅಂತಾರಾ, ಇಲ್ಲಾ ವಾಡೆ ಅಂತಾರಾ?

ಇನ್ನೊಂದು. ಗುಡ್ರಿಚ್‌ನ ಮೂಲೆ ಗೋಪುರಗಳು ಮೇಲೆ ದುಂಡು, ಬುಡ ಚೌಕ, ಬುಡದ ಮೂಲೆಗಳಿಂದ ಪಿರಮಿಡ್ ಥರ ಕಲ್ಲಿನ ಆಸರೆ ಗೋಡೆ ಮೇಲಕ್ಕೆ ಹತ್ತುತ್ತೆ, ಶತ್ರು ಬುಡ ಅಗೆದು ಕೆಡವೋಕೆ ಆಗ್ಬಾರ್ದು ಅಂತ. ಇದಕ್ಕೆ ಗೌಂಡಿಗಳ ಬಾಯಲ್ಲಿ ಏನಾದ್ರೂ ಪದ ಇದ್ರೆ ಅದೇ ಬೇಕು ನನಗೆ, ಹೊಸದಾಗಿ ಸಂಸ್ಕೃತದಿಂದ ಕಟ್ಟಿದ್ದು ಬೇಡ.

ಆ ಬರಹದಲ್ಲೇ ಬರೋ ಪ್ಯಾರಿಷ್‌ಗೆ ಚರ್ಚಿನ ಅರ್ಥದಲ್ಲಿ, ಅಂದ್ರೆ ಒಂದು ಚರ್ಚಿಗೆ ಸೇರಿದ ಪ್ರದೇಶಕ್ಕೆ, ಧರ್ಮಕೇಂದ್ರ ಅಂತ ಹಾಕ್ತೀನಿ, ನಮ್ಮ ಕ್ರೈಸ್ತರು ಬಳಸೋದು ಅದೇ. ಇಂಗ್ಲೆಂಡಿನ 1894ರ ಕಾಯ್ದೆಯಿಂದ ಬಂದ ಪ್ಯಾರಿಷ್ ಕೌನ್ಸಿಲ್‌ಗೆ, ಅಂದ್ರೆ ಊರಿನ ಚುನಾಯಿತ ಆಡಳಿತ ಮಂಡಳಿಗೆ, ಮಾತ್ರ ಗ್ರಾಮ ಪಂಚಾಯ್ತಿ ಅಂದ್ರೆ ಓದೋರಿಗೆ ಗೊಂದಲ ಆಗುತ್ತಾ?